ಹಣ್ಣಾಗುವ ಸುಳಿವು ಹಿಡಿಯುವ ಚಿಬ್ಬು ರೋಗ

ಕಾರ್ಕಳದ ಮುಂಡಪ್ಪ ಮಾವಿರಲಿ, ಕಾಪುವಿನ ಹಿತ್ತಲ ಬಾಳೆಯಿರಲಿ, ಕೊಯ್ಯುವಾಗ ಕಾಯಿ ಚೊಕ್ಕವಾಗಿಯೇ ಕಾಣುತ್ತದೆ. ಹಣ್ಣಿಗೆ ಇಟ್ಟ ಕೆಲವೇ ದಿನಗಳಲ್ಲಿ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ಮೂಡಿ, ಒಂದಕ್ಕೊಂದು ಕೂಡಿ, ಹಣ್ಣು ಕೊಳೆಯತೊಡಗುತ್ತದೆ. ಉಡುಪಿಯ ಪೇಟೆ ತಲುಪುವಷ್ಟರಲ್ಲಿ ಬೆಲೆ ಬಿದ್ದಿರುತ್ತದೆ. ಇದೇ ಚಿಬ್ಬು ರೋಗ. ಕೊಯ್ದ ಮೇಲೆ ತಗುಲಿದ ರೋಗವೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಇದಕ್ಕೆ ಕಾರಣವಾದ ಕೊಲೆಟೋಟ್ರೈಕಮ್ ಶಿಲೀಂಧ್ರವು ತೋಟದಲ್ಲಿಯೇ ಕಾಯಿಯನ್ನು ಸೇರಿರುತ್ತದೆ.

ಕಾಯಿಯಲ್ಲಿ ಸುಮ್ಮನಿರುವುದೇಕೆ?

ಎಳೆ ಮಾವಿನಕಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರವನ್ನು ತಡೆಯುವ ವಸ್ತುಗಳಿರುತ್ತವೆ. ಕಾಯಿ ಹಣ್ಣಾದಂತೆ ಇವು ಕಡಿಮೆಯಾಗುತ್ತವೆ. ಅಲ್ಲಿಯವರೆಗೆ ಶಿಲೀಂಧ್ರ ಸಿಪ್ಪೆಯಲ್ಲಿ ಅಡಗಿ ಕಾಯುತ್ತದೆ.

ಹಣ್ಣಾಗುವ ಕಾಲ ಅದಕ್ಕೆ ತಿಳಿಯುವುದು ಹೇಗೆ? ಹಣ್ಣಾಗುವ ಕಾಯಿ ಎಥಿಲೀನ್ ಎಂಬ ಅನಿಲವನ್ನು ಹೊರಸೂಸುತ್ತದೆ. ಇದು ಸಸ್ಯದ ಹಾರ್ಮೋನು. ಬಾಳೆಗೊನೆಗೆ ಹೊಗೆ ಕೊಟ್ಟು ಹಣ್ಣು ಮಾಡುವ ಪದ್ಧತಿಯ ಗುಟ್ಟೂ ಇದೇ. ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಕೇರಳ ಮೂಲದ ವಿಜ್ಞಾನಿ ಕೊಳತ್ತುಕುಡಿ ಮತ್ತು ಅವರ ಸಹೋದ್ಯೋಗಿ ಫ್ಲೈಶ್ಮನ್ 1994ರಲ್ಲಿ ಅಮೆರಿಕದಿಂದ ಪ್ರಕಟಿಸಿದ ಸಂಶೋಧನೆಯಲ್ಲಿ, ಬೆಣ್ಣೆಹಣ್ಣು ಮತ್ತು ಬಾಳೆಯ ಚಿಬ್ಬು ಶಿಲೀಂಧ್ರಗಳ ಬೀಜಾಣುಗಳಿಗೆ ಈ ಅನಿಲವನ್ನು ತೋರಿಸಿದರು. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನಷ್ಟಿದ್ದರೂ ಬೀಜಾಣುಗಳು ಮೊಳೆತು, ಕವಲೊಡೆದು, ಸಿಪ್ಪೆಯನ್ನು ಕೊರೆಯುವ ಗುಬ್ಬಿಯಂಥ ಅಂಗಗಳನ್ನು ಕಟ್ಟಿದವು. ಒಂದೇ ಬೀಜಾಣುವಿನಿಂದ ಆರರವರೆಗೆ ಗುಬ್ಬಿಗಳು! ಎಥಿಲೀನ್ ತಯಾರಿಸಲಾರದಂತೆ ಮಾಡಿದ ಟೊಮೆಟೊ ಹಣ್ಣಿಗೂ ಹೊರಗಿನಿಂದ ಅನಿಲ ಕೊಟ್ಟಾಗ ರೋಗ ಬಂದಿತು.

ಶಿಲೀಂಧ್ರದ ವಂಶವಾಹಿಗಳೂ ಸಮಯ ನೋಡಿ ಕೆಲಸ ಮಾಡುತ್ತವೆ. ಕೆಲವು ವಂಶವಾಹಿಗಳು ಈ ಗುಬ್ಬಿ ಕಟ್ಟುವಾಗ ಮಾತ್ರ ಚುರುಕಾಗುತ್ತವೆ. ಅಂಥ ಒಂದನ್ನು 1995ರಲ್ಲಿ ಕೆಡಿಸಿ ನೋಡಿದಾಗ, ಗುಬ್ಬಿ ಮೂಡಿದರೂ ರೋಗ ತರುವ ಶಕ್ತಿ ಬಹಳ ಕುಗ್ಗಿತು.

ತಾವು ಮಾಡಬೇಕಾದುದು

1. ಒಣಗಿದ ರೆಂಬೆ, ಹೂಗೊಂಚಲು, ಉದುರಿದ ರೋಗಪೀಡಿತ ಎಲೆಗಳನ್ನು ತೆಗೆದು ನಾಶಮಾಡಿರಿ. ಮಳೆಹನಿಯೊಡನೆ ರೋಗ ಹರಡುವುದು ಇವುಗಳಿಂದಲೇ.

2. ಹೂವು ಹಾಗೂ ಎಳೆಕಾಯಿಯ ಹಂತದಲ್ಲಿ ಸಿಂಪಡಿಸಬೇಕಾದ ಔಷಧ ಮತ್ತು ಪ್ರಮಾಣವನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಚುಕ್ಕೆ ಕಂಡ ಮೇಲಿನ ಸಿಂಪಡಣೆ ವ್ಯರ್ಥ.

3. ಮಾವನ್ನು ತುಸು ತೊಟ್ಟು ಬಿಟ್ಟು, ನೆಲಕ್ಕೆ ಬೀಳದಂತೆ ಕೊಯ್ಯಿರಿ. ಗಾಯಗೊಂಡ ಕಾಯಿ ಬೇಗ ಎಥಿಲೀನ್ ಸೂಸುತ್ತದೆ.

4. ಕೊಯ್ದ ಮಾವನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿರಿ. ಉಷ್ಣಮಾಪಕ ತಪ್ಪದೆ ಬಳಸಿರಿ. ಶಾಖ ಹೆಚ್ಚಾದರೆ ಸಿಪ್ಪೆ ಸುಡುತ್ತದೆ.

5. ಹಣ್ಣಾದುದನ್ನೂ ಕೊಳೆತುದನ್ನೂ ದಿನವೂ ಬೇರ್ಪಡಿಸಿರಿ. ಒಂದು ಹಣ್ಣಿನ ಅನಿಲ ರಾಶಿಯನ್ನೆಲ್ಲ ಹಣ್ಣುಮಾಡಿ, ಅಡಗಿದ ಶಿಲೀಂಧ್ರವನ್ನೂ ಎಬ್ಬಿಸುತ್ತದೆ.

ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. ಎಥಿಲೀನ್ ಅನಿಲಕ್ಕೆ ಹತ್ತು ಲಕ್ಷಕ್ಕೆ 100 ಪಾಲಿನವರೆಗೆ ಅನುಮತಿ ಇದೆ. ಆದರೆ ಈ ಅನಿಲ ರೋಗವನ್ನು ಕಳೆಯುವುದಿಲ್ಲ. ಆದುದರಿಂದ ಹಣ್ಣಿನ ಆರೋಗ್ಯವನ್ನು ಹೂ ಬಿಡುವ ಕಾಲದಿಂದಲೇ ನೋಡಿಕೊಳ್ಳುವುದು ಲಾಭಕರ.