ಡಿಟೆಕ್ಟರ್‌ಗೆ ಯಾವ ಬ್ಯಾಟರಿ?

ಮನೆಯಲ್ಲೇ ಪಲ್ಸ್ ಇಂಡಕ್ಷನ್ ಮೆಟಲ್ ಡಿಟೆಕ್ಟರ್ ಕಟ್ಟಿದ ಓದುಗರೊಬ್ಬರ ಕೊರಗು ಇದು: 9 ವೋಲ್ಟ್‌ನ ಚೌಕ ಬ್ಯಾಟರಿ ಹಾಕಿದರೆ ಸ್ವಲ್ಪ ಹೊತ್ತಿಗೇ ಸದ್ದು ಕುಗ್ಗುತ್ತದೆ.

ಆ ಪುಟ್ಟ ಬ್ಯಾಟರಿಯ ಸಾಮರ್ಥ್ಯವೇ ಸುಮಾರು 500 ಎಂಎಎಚ್, ಒಳರೋಧವೂ ಹೆಚ್ಚು. ಕಾಯಿಲ್‌ಗೆ ಪ್ರತಿ ಸಲ ಕರೆಂಟು ನುಗ್ಗಿದಾಗಲೂ ವೋಲ್ಟೇಜ್ ಕುಸಿಯುತ್ತದೆ. 12 ವೋಲ್ಟ್, 7 ಎಎಚ್ ಲೆಡ್ ಆಸಿಡ್ ಬ್ಯಾಟರಿ ಈ ಕೆಲಸವನ್ನು ಸಲೀಸಾಗಿ ಮಾಡೀತು. ಆದರೆ ಎರಡು ಕೆಜಿಗೂ ಮಿಕ್ಕ ಭಾರ ಹೆಗಲಿಗೇರಿಸಿ ಹೊಲ ಸುತ್ತುವುದು ಬೇಡ.

12 ವೋಲ್ಟಿನ ಸರ್ಕೀಟಿಗೆ ಮೂರು 18650 ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸುವುದೇ ಸೂಕ್ತ. ಪೂರ್ತಿ ಚಾರ್ಜಾದಾಗ 12.6 ವೋಲ್ಟ್, ಸೆಲ್‌ಗಳ ಒಟ್ಟು ತೂಕ 150 ಗ್ರಾಂ ಆಸುಪಾಸು. ಡಿಟೆಕ್ಟರ್ ಸರಾಸರಿ 200 ಮಿಲಿಆಂಪ್ ಎಳೆದರೆ 2500 ಎಂಎಎಚ್ ಪ್ಯಾಕು ಲೆಕ್ಕಕ್ಕೆ 12 ತಾಸು ಬಾಳಬೇಕು, 10 ತಾಸು ಎಂದುಕೊಳ್ಳುವುದು ಜಾಣತನ. ಸೆಲ್‌ಗಳನ್ನು ಕಾಯುವ ಬಿಎಂಎಸ್ ಬೋರ್ಡ್ ಇಲ್ಲದೆ ಮಾತ್ರ ಕಟ್ಟಲೇಬಾರದು. ಶಾರ್ಟ್ ಆದ ಲಿಥಿಯಂ ಸೆಲ್ ಹೊತ್ತಿಕೊಳ್ಳಬಹುದು. ಸೆಲ್‌ಗೆ ನೇರವಾಗಿ ಸೋಲ್ಡರ್ ಹಾಕದೆ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಬೇಕು. ಚಾರ್ಜರ್ ಕೂಡ 12.6 ವೋಲ್ಟಿನ ಲಿಥಿಯಂನದ್ದೇ ಆಗಿರಲಿ.

ಬೆಂಕಿಯ ಅಳುಕಿದ್ದವರಿಗೆ ಹತ್ತು ಎಎ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿವೆ, ಅಲ್ಲಿಗೂ 12 ವೋಲ್ಟ್.

ಪ್ಯಾಕನ್ನು ಕಾಯಿಲ್‌ನಿಂದ ದೂರ, ಮೊಣಕೈ ಬಳಿ ಕಟ್ಟಬೇಕು. ಸೆಲ್ಲಿನ ಉಕ್ಕಿನ ಕವಚವೂ ಲೋಹವೇ. ಹತ್ತಿರವಿದ್ದರೆ ಕಾಯಿಲ್ ಅದನ್ನೇ ಹಿಡಿದು ಕೂಗುತ್ತದೆ.