ಹೆಣ್ಣು ಉಣುಗು ಉದುರುವ ಮುನ್ನ

ಹಸುವಿನ ಗಂಗೆದೊಗಲು, ಕೆಚ್ಚಲಿನ ಸಂದು, ಬಾಲದ ಬುಡದಲ್ಲಿ ಹರಳುಬೀಜದ ಹಾಗೆ ಊದಿಕೊಂಡು ಕಚ್ಚಿರುವ ಉಣುಗುಗಳೆಲ್ಲ ಹೆಣ್ಣು. ಒಂದನ್ನು ಬಿಡಿಸಿ ತಿರುಗಿಸಿ ನೋಡಿ. ಹೊಟ್ಟೆಯಡಿ ಕಂದು ಬಣ್ಣದ ಪುಟ್ಟ ಹುಳು ಅಂಟಿಕೊಂಡಿದ್ದರೆ ಅದು ಮರಿಯಲ್ಲ, ಗಂಡು. ನಮ್ಮ ದನಗಳನ್ನು ಬಹಳವಾಗಿ ಕಾಡುವ ರಿಪಿಸೆಫಾಲಸ್ ಮೈಕ್ರೋಪ್ಲಸ್ ಜಾತಿಯ ಉಣುಗು ಕೂಡುವುದು ದನದ ಮೈಮೇಲೆಯೇ, ಹೆಣ್ಣು ರಕ್ತ ಹೀರುತ್ತಿರುವಾಗಲೇ.

ಹೆಣ್ಣಿನ ಜನನರಂಧ್ರ ಕೆಳಮೈಯಲ್ಲಿ, ಮುಂದಿನ ಕಾಲುಗಳ ಬುಡದ ನಡುವೆ ಇದೆ. ಗಂಡು ಅಡಿಯಿಂದ ತೂರಿ, ತನ್ನ ಬಾಯಿಯ ಅಂಗಗಳಿಂದ ಆ ರಂಧ್ರವನ್ನು ಅಗಲಿಸುತ್ತದೆ. ಆಮೇಲೆ ತನ್ನ ಮೈಯಿಂದ ಹೊರಬಂದ ವೀರ್ಯದ ಚೀಲವನ್ನು ಬಾಯಿಂದಲೇ ಹಿಡಿದು ಅಲ್ಲಿಗೆ ದಾಟಿಸುತ್ತದೆ. ಒಳಹೊಕ್ಕ ವೀರ್ಯಾಣುಗಳು ಪೂರ್ತಿ ಬಲಿಯುವುದು ಹೆಣ್ಣಿನ ಒಡಲಲ್ಲಿ. ಅಂಡಾಶಯ ಒಂದೇ, ಅದರ ಎರಡು ತುದಿಗಳಿಂದ ಹೊರಟ ಅಂಡನಾಳಗಳು ಗರ್ಭಕೋಶಕ್ಕೆ ಬಂದು ಸೇರುತ್ತವೆ.

ರೈತರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಗಂಡು ಕೂಡದ ಹೆಣ್ಣು ಎಷ್ಟು ದಿನ ಕಚ್ಚಿಕೊಂಡಿದ್ದರೂ ಹೊಟ್ಟೆ ತುಂಬ ಕುಡಿಯುವುದಿಲ್ಲ. ಕೂಡಿದ್ದಾದರೆ ಕೊನೆಯ ರಾತ್ರಿ ಗಟಗಟನೆ ಹೀರಿ, ಬೆಳಗಿನ ಹೊತ್ತಿಗೆ ಕಳಚಿ ಬೀಳುತ್ತದೆ. ಸಂಜೆ 4.5ರಿಂದ 8 ಮಿ.ಮೀ. ಉದ್ದ ಕಾಣುವ ಹೆಣ್ಣುಗಳು ಹೆಚ್ಚುಕಡಿಮೆ ಮರುದಿನದೊಳಗೆ ಉದುರುವಂಥವು. ಆದ್ದರಿಂದ ಸಂಜೆ ಹಾಲು ಕರೆದ ಮೇಲೆ ಹಸುವಿನ ಮೈ ತಡವಿ ನೋಡುವುದು ಒಳ್ಳೆಯದು. ಬೆಳಗಾದ ಮೇಲೆ ಹುಡುಕಿದರೆ ತುಂಬ ಹೆಣ್ಣುಗಳು ಆಗಲೇ ನೆಲಕ್ಕೆ ಬಿದ್ದಿರುತ್ತವೆ.

ಬಿದ್ದ ಹೆಣ್ಣು ಕೊಟ್ಟಿಗೆಯ ಬಿರುಕಿಗೋ ಹುಲ್ಲಿನ ಬುಡಕ್ಕೋ ಸೇರಿ, ಕೆಲವು ದಿನಗಳಲ್ಲಿ ಮೊಟ್ಟೆ ಇಡಲು ಶುರುಮಾಡುತ್ತದೆ. ಒಂದು ಹೆಣ್ಣಿನಿಂದ 2000ದಿಂದ 3000 ಮೊಟ್ಟೆ! ತಲೆಯ ಹಿಂದಿನಿಂದ ಹೊರಚಾಚುವ ಮೆತ್ತನೆಯ ಅಂಗವೊಂದು ಪ್ರತಿ ಮೊಟ್ಟೆಗೂ ಮೇಣ ಸವರುತ್ತದೆ. ಆ ಮೇಣವಿಲ್ಲದಿದ್ದರೆ ಮೊಟ್ಟೆ ಒಣಗಿ ಸಾಯುತ್ತದೆ. ಮೊಟ್ಟೆ ಇಟ್ಟು ಮುಗಿಸಿ ತಾಯಿ ಸಾಯುತ್ತದೆ. ಕೆಂಪು ಮೂತ್ರ ರೋಗ ತರುವ ಬೆಬೀಸಿಯಾ ರೋಗಾಣು ಹೆಣ್ಣಿನ ಅಂಡಾಶಯಕ್ಕೂ ಹೊಕ್ಕು ಮೊಟ್ಟೆಯ ಮೂಲಕ ಮರಿಗಳಿಗೆ ದಾಟುತ್ತದೆ. ಹೀಗೆ ಉದುರಿದ ಒಂದೇ ಹೆಣ್ಣು ಮುಂದಿನ ರೋಗಕ್ಕೂ ಬೀಜ ಬಿತ್ತಬಲ್ಲದು.

ಬಿಡಿಸುವಾಗ ಕೈಗವಸು ತೊಟ್ಟು, ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಕಿತ್ತದ್ದನ್ನು ಅಲ್ಲೇ ನೆಲಕ್ಕೆ ಬಿಸಾಡಬೇಡಿ, ಸೀಮೆಎಣ್ಣೆಯ ಡಬ್ಬಿಗೆ ಹಾಕಿ. ಬೆರಳಲ್ಲಿ ಹಿಸುಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಬೇರೆ ಜಾತಿಯ ಉಣುಗು. ಆದರೆ ಅದರ ಬೆಳೆದ ಹೆಣ್ಣುಗಳೂ ಕಾಡಿಗೆ ಮೇಯಲು ಹೋದ ದನಗಳ ರಕ್ತ ಕುಡಿದೇ ಮೊಟ್ಟೆ ಇಡುತ್ತವೆ; ಹಾಗಾಗಿ ನಿಮ್ಮ ಬೆರಳಿಗೆ ಸಿಕ್ಕಿದ್ದು ಅದೂ ಆಗಿರಬಹುದು.

ಮೈಗೆ ಹೊಡೆದ ಔಷಧಿ ನೆಲದ ಮೊಟ್ಟೆಗಳಿಗೆ ತಾಗುವುದಿಲ್ಲ. ಕೊಟ್ಟಿಗೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಗೋಡೆಗೆ ಸುಣ್ಣ ಬಳಿಯಿರಿ. ಮರಿ ಹತ್ತಿದ ಮೇಲೆ ಬೆಳೆದು ಉದುರಲು ಸುಮಾರು 3 ವಾರ ಸಾಕಾಗುವುದರಿಂದ ಒಂದೇ ಸಲದ ಔಷಧಿ ಸಾಲದು; ಎಲ್ಲ ದನಗಳಿಗೂ ಒಂದೇ ದಿನ ಹಾಕಿಸಿ, ಮುಂದಿನ ಸರದಿ ಯಾವಾಗ ಎಂದು ಪಶುವೈದ್ಯರಲ್ಲಿ ಕೇಳಿ. ಪ್ರಮಾಣ ಕಡಿಮೆ ಮಾಡಿದರೆ ಉಣುಗು ಆ ಔಷಧಿಗೆ ಜಗ್ಗದಂತಾಗುತ್ತದೆ. ಕರೆಯುವ ಹಸುವಾದರೆ ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಅವರಿಂದಲೇ ತಿಳಿದುಕೊಳ್ಳಿ.