ಎಟಿವಿ ಇಂಜಿನ್‌ಗೆ ಪವರ್ ಏರಿಸೋ ಮುಂಚೆ ಈ ಲೆಕ್ಕ ನೋಡಿ

ತೋಟದ ಕೆಲಸಕ್ಕೆ ಎಟಿವಿ ತಗೊಳ್ಳೋಣ ಅಂತ ಯೋಚಿಸುವ ಯುವ ರೈತರು ಈಗ ಹೆಚ್ಚಾಗಿದ್ದಾರೆ. ಜೀಪು ಹೋಗದ ಕಾಲುದಾರಿಗೂ ಇದು ನುಗ್ಗುತ್ತೆ, ಗೊಬ್ಬರ, ಸ್ಪ್ರೇ ಟ್ಯಾಂಕ್, ಪೈಪು ಎಲ್ಲ ಸಾಗಿಸಬಹುದು. ಆದರೆ ಮೊಬೈಲಲ್ಲಿ ವಿಡಿಯೋ ನೋಡಿದವರು ಮೊದಲು ಕೇಳೋದು ಬೇರೆಯೇ ಪ್ರಶ್ನೆ: ಸ್ಪೋರ್ಟ್ ಎಟಿವಿ ತಗೊಂಡು ಸೈಲೆನ್ಸರ್ ಬದಲಾಯಿಸಿ ಟ್ಯೂನ್ ಮಾಡಿದ್ರೆ ಎಷ್ಟು ಎಚ್‌ಪಿ ಏರುತ್ತೆ? ಏರುತ್ತೆ, ಸುಳ್ಳಲ್ಲ. ಆದರೆ ಮೂಡಿಗೆರೆ, ಕಳಸದ ಏರಿಗೆ ಆ ಎಚ್‌ಪಿ ಬೇಕಾ? ಈ ವಾರ ಅದನ್ನು ಲೆಕ್ಕ ಹಾಕಿ ನೋಡೋಣ.

ಟಾರ್ಕ್ ಬೇರೆ, ಪವರ್ ಬೇರೆ

ಚಕ್ರವನ್ನು ತಿರುಗಿಸುವ ಬಲವೇ ಟಾರ್ಕ್. ಆ ಬಲ ಎಷ್ಟು ವೇಗದಲ್ಲಿ ಕೆಲಸ ಮಾಡುತ್ತೆ ಅನ್ನೋದು ಪವರ್. ಸುಲಭದ ಲೆಕ್ಕ ಹೀಗಿದೆ: ಟಾರ್ಕನ್ನು (ನ್ಯೂಟನ್ ಮೀಟರ್‌ನಲ್ಲಿ) ಆರ್‌ಪಿಎಂನಿಂದ ಗುಣಿಸಿ, 7,000ದಿಂದ ಭಾಗಿಸಿ. ಹೆಚ್ಚುಕಡಿಮೆ ಎಚ್‌ಪಿ ಸಿಗುತ್ತೆ.

30 ನ್ಯೂಟನ್ ಮೀಟರ್ ಟಾರ್ಕ್ 3,500 ಆರ್‌ಪಿಎಂನಲ್ಲಿ ಸಿಕ್ಕರೆ 15 ಎಚ್‌ಪಿ. ಅದೇ 30 ನ್ಯೂಟನ್ ಮೀಟರ್ 7,000 ಆರ್‌ಪಿಎಂನಲ್ಲಿ ಸಿಕ್ಕರೆ 30 ಎಚ್‌ಪಿ. ಬಲ ಅಷ್ಟೇ, ಸುತ್ತು ಮಾತ್ರ ದುಪ್ಪಟ್ಟು. ಸ್ಪೋರ್ಟ್ ಇಂಜಿನ್‌ನ ದೊಡ್ಡ ಎಚ್‌ಪಿ ಬರೋದು ಹೆಚ್ಚಾಗಿ ಈ ಮೇಲಿನ ಸುತ್ತಿನಲ್ಲೇ. ತೋಟದಲ್ಲಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಯಾರೂ 7,000 ಆರ್‌ಪಿಎಂನಲ್ಲಿ ಹೋಗಲ್ಲ.

ಏರಿಗೆ ನಿಜವಾಗಿ ಎಷ್ಟು ಬೇಕು?

ಗಾಡಿ, ಸವಾರ, ಲೋಡ್ ಎಲ್ಲ ಸೇರಿ 500 ಕೆ.ಜಿ. ಅಂದುಕೊಳ್ಳಿ. ಐದು ಅಡಿ ಹೋದರೆ ಒಂದಡಿ ಏರುವ ದಾರಿ. ಆ ಏರಿಗೆ ತೂಕದ ಐದನೇ ಒಂದು ಭಾಗ, ಅಂದ್ರೆ 100 ಕೆ.ಜಿ. ಎಳೆತ ಬೇಕು. ಕೆಸರಿಗೆ ಇನ್ನೊಂದು 50 ಕೆ.ಜಿ. ಸೇರಿಸಿ. ಒಟ್ಟು 150 ಕೆ.ಜಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತೋಕೆ ಚಕ್ರದ ಹತ್ತಿರ ಬೇಕಾಗೋದು ಸುಮಾರು ಐದೂವರೆ ಎಚ್‌ಪಿ, ಅಷ್ಟೇ! ಮೂರಕ್ಕೆ ಒಂದರಷ್ಟು ಕಡಿದಾದ ಏರಾದರೂ 8 ಎಚ್‌ಪಿ ಆಸುಪಾಸು. ಬೆಲ್ಟು, ಗೇರಿನಲ್ಲಿ ನಷ್ಟವಾಗೋದನ್ನೂ ಸೇರಿಸಿ ಅದರ ದುಪ್ಪಟ್ಟು ಇಟ್ಟುಕೊಂಡರೂ 16 ದಾಟಲ್ಲ.

ಎತ್ತರದ ಲೆಕ್ಕವೂ ಇದೆ. ಟರ್ಬೊ ಇಲ್ಲದ ಇಂಜಿನ್ ಸಾವಿರ ಮೀಟರ್ ಎತ್ತರಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಪವರ್ ಕಳೆದುಕೊಳ್ಳುತ್ತೆ, ಯಾಕಂದ್ರೆ ಗಾಳಿ ತೆಳು. ನಮ್ಮ ಬಹಳಷ್ಟು ತೋಟಗಳು ಈ ಎತ್ತರದ ಆಸುಪಾಸಿನಲ್ಲೇ ಇವೆ. 34 ಎಚ್‌ಪಿ ಗಾಡಿ ಇಲ್ಲಿ 30 ಆಗುತ್ತೆ. ಆಗಲೂ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ.

ಭಾರತದಲ್ಲಿ ಟ್ರ್ಯಾಕ್ಟರ್ ವರ್ಗದಲ್ಲಿ ರಸ್ತೆಗೆ ಬಂದ ಪೋಲಾರಿಸ್ ಸ್ಪೋರ್ಟ್ಸ್‌ಮನ್ 570 ಇದಕ್ಕೆ ಒಳ್ಳೆ ಉದಾಹರಣೆ. 567 ಸಿಸಿ ಇಂಜಿನ್. ಹೊರದೇಶದಲ್ಲಿ ಇದೇ ಇಂಜಿನ್ 44 ಎಚ್‌ಪಿ ಕೊಡುತ್ತೆ, ಇಲ್ಲಿನ ಟ್ರ್ಯಾಕ್ಟರ್ ಮಾದರಿಗೆ 34ಕ್ಕೆ ಇಳಿಸಿದ್ದಾರೆ. ಹತ್ತು ಎಚ್‌ಪಿ ಕಡಿಮೆಯಾದರೂ ತೋಟದ ಕೆಲಸ ನಿಲ್ಲಲ್ಲ. ಏರು ಹತ್ತಿಸೋದು ಅದರ ಲೋ ಗೇರು ಮತ್ತು ನಾಲ್ಕೂ ಚಕ್ರದ ಎಳೆತ.

ಸ್ಪೋರ್ಟ್ ಎಟಿವಿಯಲ್ಲಿ ಏನಿದೆ, ಏನಿಲ್ಲ

ಯಮಹಾ ರ್‍ಯಾಪ್ಟರ್ 700 ತಗೊಳ್ಳಿ. 686 ಸಿಸಿ, ಒಂದೇ ಸಿಲಿಂಡರ್, ಐದು ಗೇರು, ಗಾಡಿ ತೂಕ ಸುಮಾರು 190 ಕೆ.ಜಿ. ಟ್ಯೂನ್ ಮಾಡೋರಿಗೆ ಅಚ್ಚುಮೆಚ್ಚು. ಮೊದಲು ಏರ್ ಫಿಲ್ಟರ್, ಸೈಲೆನ್ಸರ್, ಪೆಟ್ರೋಲ್ ಕಂಟ್ರೋಲರ್. ಆಮೇಲೆ ಕ್ಯಾಮ್, ಹೈ ಕಂಪ್ರೆಶನ್ ಪಿಸ್ಟನ್, ದೊಡ್ಡ ಬೋರ್. ಒಂದೊಂದು ಹೆಜ್ಜೆಗೂ ಎಚ್‌ಪಿ ಏರುತ್ತೆ, ಜೊತೆಗೆ ಇಂಜಿನ್ ಬಿಸಿಯೂ ಏರುತ್ತೆ, ಆಯಸ್ಸು ಇಳಿಯುತ್ತೆ.

ಆದರೆ ಇದಕ್ಕೆ ಎಳೆತ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಲೋ ರೇಂಜ್ ಇಲ್ಲ, ಲೋಡ್ ಕ್ಯಾರಿಯರ್ ಇಲ್ಲ. ಚಕ್ರ ಕೆಸರಲ್ಲಿ ಸುತ್ತೋಕೆ ಶುರುವಾದರೆ ಜಾಸ್ತಿ ಎಚ್‌ಪಿ ಗುಂಡಿಯನ್ನು ಇನ್ನೂ ಆಳ ಮಾಡುತ್ತೆ ಅಷ್ಟೇ.

ರೇಸ್ ಗಾಡಿಗಳ ಮಾತು ಬೇರೆ. 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲೇ ನಡೆದಿತ್ತು. ಅಂಥ ಗಾಡಿಗಳ ಹಿಂದೆ ಮೆಕ್ಯಾನಿಕ್‌ಗಳ ತಂಡವೇ ಇರುತ್ತೆ. ಸ್ಪರ್ಧೆ ಮುಗಿದರೆ ಬಿಚ್ಚಿ ನೋಡ್ತಾರೆ. ನಮ್ಮ ಗಾಡಿ ಮಾರನೇ ದಿನ ಬೆಳಿಗ್ಗೆ ಮತ್ತೆ ಸ್ಟಾರ್ಟ್ ಆಗಬೇಕು.

ಮಲೆನಾಡಿನಲ್ಲಿ ಇವು ಮೂರು ಬೇಡ

1. ಏರ್ ಬಾಕ್ಸ್ ಮುಚ್ಚಳ ತೆಗೆಯೋದು. ಗಾಳಿ ಜಾಸ್ತಿ ಸಿಗುತ್ತೆ ಅಂತ ಮಾಡ್ತಾರೆ. ಜೂನ್-ಜುಲೈ ಮಳೆಯಲ್ಲಿ, ಹಳ್ಳ ದಾಟುವಾಗ ನೀರು ಒಳಗೆ ಹೋದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಇಂಜಿನ್ ಪೂರ್ತಿ ಇಳಿಸಬೇಕಾಗುತ್ತೆ.

2. ಸೈಲೆನ್ಸರ್ ಒಳಗಿನ ಕಿಡಿ ತಡೆಯುವ ಜಾಲರಿ ತೆಗೆಯೋದು. ಫೆಬ್ರವರಿ-ಮಾರ್ಚಲ್ಲಿ ಒಣ ತರಗೆಲೆ, ಪಕ್ಕದಲ್ಲೇ ಹುಲ್ಲುಗುಡ್ಡ. ಒಂದು ಕಿಡಿ ಸಾಕು.

3. ಹೈ ಕಂಪ್ರೆಶನ್ ಪಿಸ್ಟನ್. ಇದಕ್ಕೆ ಹೆಚ್ಚು ಆಕ್ಟೇನ್ ಪೆಟ್ರೋಲ್ ಬೇಕು. ಸಾಮಾನ್ಯ ಪೆಟ್ರೋಲ್ ಹಾಕಿದ್ರೆ ಇಂಜಿನ್ ಕಟಕಟ ಬಡಿದು ಪಿಸ್ಟನ್ ಹೋಗುತ್ತೆ.

ಹಾಗಾದರೆ ಯಾವ ಟ್ಯೂನಿಂಗ್ ಮಾಡಬೇಕು?

ಟೈರ್ ಗಾಳಿ: ಎಟಿವಿ ಟೈರಿಗೆ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಸಾಕು. ಟೈರ್ ಮೇಲೆ, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತೆ. ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಅಂದಾಜಲ್ಲಿ 25 ತುಂಬಿಸಿದ್ರೆ ಗಾಡಿ ಚೆಂಡಿನ ಹಾಗೆ ಪುಟಿಯುತ್ತೆ, ಹಿಡಿತ ಇರಲ್ಲ. ಕಡಿಮೆ ಒತ್ತಡ ತೋರಿಸುವ ಗೇಜ್ ಒಂದು ಇಟ್ಟುಕೊಳ್ಳಿ.

ಸ್ಪ್ರಾಕೆಟ್: ಚೈನ್ ಗಾಡಿಯಲ್ಲಿ ಮುಂದಿನ ಸ್ಪ್ರಾಕೆಟ್ 14 ಹಲ್ಲಿನದ್ದಾದರೆ 13 ಹಾಕಿಸಿ. ಚಕ್ರಕ್ಕೆ ಹೋಗುವ ಬಲ ನೂರಕ್ಕೆ ಏಳೆಂಟರಷ್ಟು ಏರುತ್ತೆ. ಟಾಪ್ ಸ್ಪೀಡ್ ಅಷ್ಟೇ ಇಳಿಯುತ್ತೆ, ತೋಟದಲ್ಲಿ ಅದರಿಂದ ನಷ್ಟ ಇಲ್ಲ. ಇಂಜಿನ್ ಬಿಚ್ಚೋದೂ ಬೇಕಿಲ್ಲ.

ಬೆಲ್ಟ್ ಗಾಡಿ: ಲೋಡ್ ಇದ್ದಾಗ, ಏರಿನಲ್ಲಿ ಲೋ ಗೇರಲ್ಲೇ ಹೋಗಿ. ಹೈನಲ್ಲಿ ಎಳೆದ್ರೆ ಬೆಲ್ಟ್ ಜಾರಿ ಸುಡುತ್ತೆ.

ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ವಾಲ್ವ್ ಕ್ಲಿಯರೆನ್ಸ್: ಕಳೆದುಹೋದ ಪವರ್ ಬಹಳ ಸಲ ಇಲ್ಲೇ ಇರುತ್ತೆ. ಬೇಸಿಗೆ ಧೂಳಲ್ಲಿ ಫಿಲ್ಟರನ್ನು ಮೇಲಿಂದ ಮೇಲೆ ತೊಳೆದು, ಫೋಮ್ ಫಿಲ್ಟರ್ ಆದರೆ ಅದರ ಎಣ್ಣೆ ಹಚ್ಚಿ ಹಾಕಿ.

ಕಾನೂನು, ಜೀವ ಎರಡೂ ನೋಡಿ

ನೋಂದಣಿ ಇಲ್ಲದ ಎಟಿವಿ ತೋಟದ ಒಳಗೆ ಮಾತ್ರ. ನೋಂದಣಿ ಆದ ಗಾಡಿಯನ್ನು ಬೇಕಾದ ಹಾಗೆ ಮಾರ್ಪಡಿಸೋದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. 2019ರ ತಿದ್ದುಪಡಿ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದ್ರೆ ವಿಮೆಗೂ ತಕರಾರು ಬರಬಹುದು.

ಎಲ್ಲಕ್ಕಿಂತ ದೊಡ್ಡದು ಜೀವ. ಹಿಂದೆ ಭಾರ ಹೇರಿ, ಕಡಿದಾದ ಏರಲ್ಲಿ ಜೋರು ಪವರ್ ಒಮ್ಮೆಲೇ ಕೊಟ್ಟರೆ ಮುಂದಿನ ಚಕ್ರ ಎದ್ದು ಗಾಡಿ ಸವಾರನ ಮೇಲೆಯೇ ಮಗುಚುತ್ತೆ. ಟ್ಯೂನ್ ಮಾಡಿದ ಗಾಡಿಯಲ್ಲಿ ಈ ಅಪಾಯ ಇನ್ನೂ ಹತ್ತಿರ. ಏರನ್ನು ನೇರವಾಗಿ ಹತ್ತಿ, ಅಡ್ಡ ಹಾಯಬೇಡಿ. ಮೈಯನ್ನು ಮುಂದಕ್ಕೆ ಬಾಗಿಸಿ. ಇಳಿಯುವಾಗ ನ್ಯೂಟ್ರಲ್ ಬೇಡವೇ ಬೇಡ. ಧರೆ ಅಂಚಿನಿಂದ ದೂರ ಇರಿ, ಮಳೆಗಾಲದಲ್ಲಿ ಅದು ಯಾವಾಗ ಕುಸಿಯುತ್ತೋ ಹೇಳೋಕಾಗಲ್ಲ. ಹೆಲ್ಮೆಟ್ ಹಾಕಿ. ಒಂದೇ ಸೀಟಿನ ಗಾಡಿಯಲ್ಲಿ ಹಿಂದೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಬೇಡ.

ಎಟಿವಿ ಕೊಳ್ಳೋಕೆ ಹೋದಾಗ ಎಚ್‌ಪಿ ಕೇಳೋದಕ್ಕಿಂತ ಮೊದಲು ಈ ನಾಲ್ಕು ಕೇಳಿ: ಲೋ ಗೇರ್ ಇದೆಯಾ? ನಾಲ್ಕು ಚಕ್ರಕ್ಕೂ ಎಳೆತ ಇದೆಯಾ? ಎಷ್ಟು ಲೋಡ್ ತಡೆಯುತ್ತೆ? ಬಿಡಿಭಾಗ ಎಲ್ಲಿ ಸಿಗುತ್ತೆ? ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ನಿಮ್ಮ ತೋಟಕ್ಕೆ ಬೇಕಾದ ಪವರ್ ಅದರಲ್ಲಿ ಆಗಲೇ ಇರುತ್ತೆ.